ಮೊದಲ ದಿನದ ಮೊದಲ ಬ್ಯಾಂಡ್

ಕೇಳುಗರಿಗೆ ನಮಸ್ಕಾರ.

ಸಂಗೀತ ಉತ್ಸವಕ್ಕೆ ಹೋಗುವ ಬಹುಪಾಲು ಜನರಿಗೆ ಒಂದು ಲೆಕ್ಕಾಚಾರವಿರುತ್ತದೆ. ಹೆಸರಾಂತ ಬ್ಯಾಂಡ್ ವೇದಿಕೆ ಏರುವುದು ರಾತ್ರಿ ಒಂಬತ್ತಕ್ಕೆ, ಎಂಟೂವರೆಗೆ ಮೈದಾನ ಸೇರಿದರೆ ಸಾಕು ಎಂಬ ಲೆಕ್ಕ. ನಾನೂ ಎಷ್ಟೋ ವರ್ಷ ಹಾಗೆಯೇ ಹೋದೆ. ಒಮ್ಮೆ ಮಾತ್ರ, ಜೊತೆಗೆ ಬರುವವರ ಅನುಕೂಲಕ್ಕೆ ಬೇಗ ಹೊರಟು, ಮೊದಲ ದಿನದ ಮಧ್ಯಾಹ್ನ ಎರಡು ಗಂಟೆಗೇ ಮೈದಾನದಲ್ಲಿದ್ದೆ. ಅಂದು ಕಂಡದ್ದನ್ನು ನಿಮಗೆ ಹೇಳಬೇಕು.

ಬಿಸಿಲು ನೆತ್ತಿಯ ಮೇಲಿತ್ತು. ಸಾವಿರಾರು ಜನ ನಿಲ್ಲುವ ಬಯಲಿನಲ್ಲಿ ನಲವತ್ತು ಮಂದಿ ಇದ್ದಿರಬಹುದು. ವೇದಿಕೆ ದೊಡ್ಡದೇ, ಆದರೆ ಅದರ ಮುಕ್ಕಾಲು ಭಾಗವನ್ನು ಕಪ್ಪು ಬಟ್ಟೆ ಹೊದಿಸಿದ ವಾದ್ಯಗಳು ತುಂಬಿದ್ದವು. ರಾತ್ರಿಯ ಬ್ಯಾಂಡಿನ ಡ್ರಮ್ಸ್ ಚಕ್ರದ ಕಟ್ಟೆಯ ಮೇಲೆ ಹಿಂದಕ್ಕೆ ಸರಿದು ನಿಂತಿತ್ತು. ಮೊದಲು ನುಡಿಸುವ ತಂಡಕ್ಕೆ ಉಳಿದದ್ದು ಮುಂಭಾಗದ ಕಿರಿದಾದ ಒಂದು ಪಟ್ಟಿ. ಇದರಲ್ಲಿ ಅವಮಾನವೇನೂ ಇಲ್ಲ, ಕೆಲಸ ನಡೆಯುವ ಕ್ರಮವೇ ಅದು. ಧ್ವನಿ ಪರೀಕ್ಷೆಯನ್ನು ಸಾಮಾನ್ಯವಾಗಿ ತಿರುವುಮುರುವಾಗಿ ಮಾಡುತ್ತಾರೆ. ಕೊನೆಗೆ ನುಡಿಸುವವರು ಮೊದಲು ಪರೀಕ್ಷಿಸಿ ತಮ್ಮ ಸಲಕರಣೆಯನ್ನು ಹಿಂದಕ್ಕೆ ತಳ್ಳುತ್ತಾರೆ. ಮೊದಲು ನುಡಿಸುವವರ ಸರದಿ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕೇಬಲ್ ಸರಿಯಾಗಿದೆಯೇ, ಮೈಕಿನಲ್ಲಿ ದನಿ ಬರುತ್ತಿದೆಯೇ ಎಂದು ಒಂದೊಂದು ಕ್ಷಣ ನೋಡಿದರೆ ಮುಗಿಯಿತು. ಎಲ್ಲವೂ ಹೊಂದುವುದು ಮೊದಲ ಹಾಡು ನಡೆಯುತ್ತಿರುವಾಗಲೇ, ಕೇಳುವವರ ಎದುರಿಗೇ.

ನಾಲ್ವರ ತಂಡ. ಹಾಡುವವನು, ಗಿಟಾರ್ ನುಡಿಸುವವನು, ಬೇಸ್ ಗಿಟಾರಿನವನು, ಡ್ರಮ್ಸ್ ಹಿಂದೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ. ಎರಡನೆಯ ಹಾಡಿನ ನಡುವೆ ಗಿಟಾರ್ ಸದ್ದಿಲ್ಲದೆ ನಿಂತುಹೋಯಿತು. ವೇದಿಕೆಯ ಕೆಲಸಗಾರನೊಬ್ಬ ಬಗ್ಗಿಕೊಂಡೇ ಓಡಿಬಂದು ಒಂದೊಂದೇ ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸತೊಡಗಿದ. ಹಾಡು ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಬೇಸ್ ಮತ್ತು ಡ್ರಮ್ಸ್ ಮಾತ್ರ ಮುಂದುವರಿದವು. ಹಾಡುವವನು ವೇದಿಕೆಯ ಅಂಚಿಗೆ ಬಂದ. ಮುಂದೆ ನಿಂತ ಯಾರೋ ತಾಳಕ್ಕೆ ಚಪ್ಪಾಳೆ ಹಾಕಿದರು, ಇನ್ನೊಬ್ಬರು ಸೇರಿದರು, ಕೊನೆಗೆ ನಲವತ್ತೂ ಜನ ಒಂದೇ ಲಯದಲ್ಲಿ ಚಪ್ಪಾಳೆ ಹಾಕುತ್ತಿದ್ದೆವು. ಎರಡು ನಿಮಿಷ ಹಾಗೆಯೇ ಕಳೆಯಿತು. ಆಮೇಲೆ ಸಾಲೊಂದರ ನಡುವೆಯೇ ಗಿಟಾರ್ ಮರಳಿ ಬಂತು. ಅಂಥ ಕೇಕೆಯನ್ನು ನಾನು ರಾತ್ರಿಯ ತುಂಬಿದ ಮೈದಾನದಲ್ಲಿಯೂ ಕೇಳಿಲ್ಲ.

ಆ ಚಪ್ಪಾಳೆ ಯಾಕೆ ಅಷ್ಟು ಕೂಡಿಕೊಂಡಿತು ಎಂದು ಆಮೇಲೆ ಯೋಚಿಸಿದೆ. ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವೇದಿಕೆಯಿಂದ 100 ಮೀಟರ್ ಹಿಂದೆ ನಿಂತವರಿಗೆ ಡ್ರಮ್ಸಿನ ಪೆಟ್ಟು ಮುಟ್ಟುವಾಗ ಸುಮಾರು 0.3 ಸೆಕೆಂಡ್ ಕಳೆದಿರುತ್ತದೆ. ಅವರು ಹಾಕಿದ ಚಪ್ಪಾಳೆ ವೇದಿಕೆಗೆ ಹಿಂತಿರುಗಲು ಮತ್ತೆ ಅಷ್ಟೇ ಹೊತ್ತು. ಹೀಗಾಗಿ ದೊಡ್ಡ ಜಾತ್ರೆಯಲ್ಲಿ ಜನ ಎಷ್ಟೇ ನಿಷ್ಠೆಯಿಂದ ತಾಳ ಹಾಕಿದರೂ ಅದು ಮುಂದಿನಿಂದ ಹಿಂದಕ್ಕೆ ಅಲೆಯಂತೆ ಹರಡಿ ಕಲಸಿಹೋಗುತ್ತದೆ. ನಲವತ್ತು ಜನ ವೇದಿಕೆಯ ಮುಂದಿನ ಬೇಲಿಗೆ ಒತ್ತಿ ನಿಂತಿದ್ದರೆ ಆ ತೊಡಕಿಲ್ಲ. ಖಾಲಿ ಮೈದಾನ ಕೊಡುವ ಈ ಒಂದು ವರವನ್ನು ತುಂಬಿದ ಮೈದಾನ ಕೊಡಲಾರದು.

ಹಾಗೆಂದು ಹಗಲಿನ ತಂಡಗಳಿಗೆ ಎಲ್ಲವೂ ಸಲೀಸು ಎಂದುಕೊಳ್ಳಬೇಡಿ. ಬಿಸಿಲಿಗೆ ಕಾದ ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ಬಿಸಿಯಾಗಿರುತ್ತದೆ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು, ಆದ್ದರಿಂದ ದನಿ ಮೇಲಕ್ಕೆ ಬಾಗಿ ಹಿಂದೆ ನಿಂತವರ ತಲೆಯ ಮೇಲೆ ಹಾದುಹೋಗುತ್ತದೆ. ಸಂಜೆ ನೆಲ ತಣಿದ ಮೇಲೆ ಇದು ತಿರುವುಮುರುವಾಗಿ, ಅದೇ ಧ್ವನಿವರ್ಧಕದ ದನಿ ಬಹುದೂರ ಕೇಳಿಸುತ್ತದೆ. ಜನರ ಮೈ, ಬಟ್ಟೆಗಳು ಎತ್ತರದ ಸ್ವರಗಳನ್ನು ಹೀರಿಕೊಳ್ಳುವುದರಿಂದ ಬಯಲು ತುಂಬಿದಂತೆಲ್ಲ ತಂತ್ರಜ್ಞರು ದನಿಯನ್ನು ಮತ್ತೆ ಮತ್ತೆ ತಿದ್ದಬೇಕು. ರಾತ್ರಿಯ ಬ್ಯಾಂಡ್ ಅಷ್ಟು ಭವ್ಯವಾಗಿ ಕೇಳಿಸುವುದಕ್ಕೆ ಅವರ ಪ್ರತಿಭೆ ಒಂದು ಕಾರಣ, ತಣ್ಣನೆಯ ಗಾಳಿ ಇನ್ನೊಂದು. ಮಧ್ಯಾಹ್ನದ ತಂಡವನ್ನು ಅಳೆಯುವಾಗ ಇದನ್ನು ನೆನಪಿಟ್ಟುಕೊಳ್ಳುವುದು ನ್ಯಾಯ. ಬೇಗ ಹೋದವರಿಗೆ ಜಾಗವೂ ಸಿಗುತ್ತದೆ. ದನಿಗಳನ್ನು ಬೆರೆಸಿ ಹೊಂದಿಸುವ ತಂತ್ರಜ್ಞರ ಮಿಕ್ಸರ್ ಯಂತ್ರ ಇರುವ ಗೂಡಾರದ ಹತ್ತಿರ ನಿಂತು ನೋಡಿ, ಅವರು ಹೊಂದಿಸುವ ದನಿ ಅವರ ಕಿವಿಗೆ ಕೇಳಿಸುವ ದನಿಯೇ. ಇನ್ನೊಂದು ಮಾತು, ಕಿವಿಗೆ ಹಾಕಿಕೊಳ್ಳುವ ಬೆಣೆಗಳನ್ನು ಮರೆಯಬೇಡಿ. ಇಂಥ ಸ್ಥಳಗಳಲ್ಲಿ ಸರಾಸರಿ ಶಬ್ದಮಟ್ಟ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆ ಮಟ್ಟದಲ್ಲೂ ಇಡೀ ದಿನ ನಿಂತರೆ ಕಿವಿಗೆ ಕೇಡೇ.

ಮೊದಲು ನುಡಿಸುವವರ ಮಾತು ಬಂದಾಗ ನನಗೆ ಅಮೆರಿಕದ ಗಾಯಕ ರಿಚಿ ಹೇವನ್ಸ್ ನೆನಪಾಗುತ್ತಾರೆ. 1969ರ ಆಗಸ್ಟ್ 15, ಶುಕ್ರವಾರ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬಲ್ಲಿ, ಹೈನುಗಾರಿಕೆಯ ಹೊಲವೊಂದರಲ್ಲಿ ವುಡ್‌ಸ್ಟಾಕ್ ಉತ್ಸವ ಶುರುವಾಗಬೇಕಿತ್ತು. ನಿರೀಕ್ಷೆ ಮೀರಿ ಬಂದ ಲಕ್ಷಗಟ್ಟಲೆ ಜನರಿಂದ ರಸ್ತೆಗಳು ಕಟ್ಟಿಹೋಗಿದ್ದವು, ಕಲಾವಿದರೇ ಮೈದಾನ ತಲುಪಲಾರದೆ ಸಿಕ್ಕಿಕೊಂಡಿದ್ದರು. ಹೇವನ್ಸ್ ಮೊದಲು ಹಾಡಬೇಕಾದವರಲ್ಲ. ಆದರೂ ಸಂಜೆ ಐದು ದಾಟಿದ ಮೇಲೆ ಅವರನ್ನೇ ವೇದಿಕೆಗೆ ಕಳುಹಿಸಿದರು. ಮುಂದಿನವರು ಸಿದ್ಧರಿಲ್ಲ, ಇನ್ನೊಂದು ಹಾಡಿ ಎಂದು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿದರು. ಕೊನೆಗೆ ಹಾಡಲು ಹಾಡುಗಳೇ ಉಳಿಯಲಿಲ್ಲ. ಆಗ ಅವರು ಗಿಟಾರ್ ಮೀಟುತ್ತಾ ‘ಸ್ವಾತಂತ್ರ್ಯ’ ಎಂಬ ಅರ್ಥದ ಒಂದೇ ಪದವನ್ನು ಮತ್ತೆ ಮತ್ತೆ ಹಾಡಿ, ಅದರೊಳಗೆ ಗುಲಾಮಗಿರಿಯ ಕಾಲದ ಹಳೆಯ ಭಕ್ತಿಗೀತೆಯೊಂದನ್ನು ಹೆಣೆದರು. ನಿಂತ ನಿಲುವಿನಲ್ಲಿ ಹುಟ್ಟಿದ ಆ ಹಾಡೇ ಅವರ ಬದುಕಿನ ಗುರುತಾಯಿತು. ಹೇವನ್ಸ್ 2013ರಲ್ಲಿ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ಅದೇ ಹೊಲದ ಮೇಲೆ ಚೆಲ್ಲಿದರು. ಅದೇ ಉತ್ಸವದ ಕೊನೆಯ ಕಲಾವಿದ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ವೇದಿಕೆಗೆ ಬಂದದ್ದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಹೆಚ್ಚಿನ ಜನ ಮನೆಯ ದಾರಿ ಹಿಡಿದಿದ್ದರು. ಜನ ಎಷ್ಟಿದ್ದರು ಎಂಬುದರ ಮೇಲೆ ಸಂಗೀತದ ತೂಕ ನಿಲ್ಲುವುದಿಲ್ಲ ಎಂದು ನನಗೆ ಮನದಟ್ಟಾಗಿರುವುದು ಆ ಸೋಮವಾರದ ಕಥೆಯಿಂದ, ಮತ್ತು ನನ್ನ ಆ ಮಧ್ಯಾಹ್ನದಿಂದ.

ಅಂದು ರಾತ್ರಿ ದೊಡ್ಡ ಬ್ಯಾಂಡ್ ಬಂತು. ದೀಪಗಳು, ಹೊಗೆ, ಹಿಂದಿನಿಂದ ಒತ್ತುವ ಜನ, ಎಲ್ಲವೂ ಇತ್ತು. ಚೆನ್ನಾಗಿಯೇ ನುಡಿಸಿದರು. ನನ್ನ ಪಕ್ಕದಲ್ಲಿ ಬೇಲಿಯ ಕಂಬಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಒಬ್ಬಳು ನಿಂತಿದ್ದಳು. ಮಧ್ಯಾಹ್ನದ ಡ್ರಮ್ಸ್ ಹುಡುಗಿ. ಹಾಡುಗಳ ನಡುವಿನ ಬಿಡುವಿನಲ್ಲಿ, ಎರಡನೆಯ ಹಾಡನ್ನು ನಿಲ್ಲಿಸದೆ ನಡೆಸಿದ್ದು ತುಂಬ ಹಿಡಿಸಿತು ಎಂದೆ.

“ನೀವು ಅಲ್ಲಿದ್ದಿರಾ?” ಎಂದಳು. ಆಮೇಲೆ ಹೇಳಿದಳು: “ನಿಂತದ್ದು ಗಿಟಾರ್ ಒಂದೇ ಅಲ್ಲ. ನನ್ನ ಕಡೆಗಿದ್ದ ಮಾನಿಟರ್, ಅಂದರೆ ನಮ್ಮ ದನಿ ನಮಗೇ ಕೇಳಿಸುವ ಸ್ಪೀಕರ್, ಅದೂ ಸತ್ತುಹೋಗಿತ್ತು. ಬೇಸ್ ಆಗಲಿ ಹಾಡಾಗಲಿ ನನಗೆ ಒಂದಿಷ್ಟೂ ಕೇಳಿಸುತ್ತಿರಲಿಲ್ಲ. ಆ ಎರಡು ನಿಮಿಷ ನಾನು ನುಡಿಸಿದ್ದು ನಿಮ್ಮ ಚಪ್ಪಾಳೆಯನ್ನು ಕೇಳಿಕೊಂಡು.”

ನಮಸ್ಕಾರ.