ಹೊಸ ಕೋಆರ್ಡಿನೇಟರ್, ಹಳೇ ಆಟಗಾರರು

ಕೇಳುಗರೇ, ನಮಸ್ಕಾರ.

2023ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಫುಟ್‌ಬಾಲ್ ತಂಡ ರೇವನ್ಸ್ ಒಬ್ಬ ಹೊಸ ಕೋಚ್‌ನನ್ನು ತಂದಿತು. ಹೆಸರು ಟಾಡ್ ಮಾಂಕೆನ್. ಹುದ್ದೆ ಅಫೆನ್ಸಿವ್ ಕೋಆರ್ಡಿನೇಟರ್. ಅಂದರೆ, ಚೆಂಡು ನಮ್ಮ ಕೈಯಲ್ಲಿದ್ದಾಗ ಯಾರು ಎಲ್ಲಿ ನಿಲ್ಲಬೇಕು, ಯಾರು ಓಡಬೇಕು, ಚೆಂಡು ಯಾರ ಕಡೆ ಹೋಗಬೇಕು, ಇದನ್ನೆಲ್ಲ ಮೊದಲೇ ಬರೆದಿಟ್ಟು ಪಂದ್ಯದಲ್ಲಿ ಒಂದೊಂದಾಗಿ ಕೂಗುವವರು. ಮಾಂಕೆನ್ ಬಂದ ದಿನದಿಂದ ಬಾಲ್ಟಿಮೋರ್‌ನಲ್ಲಿ ಒಂದೇ ಚರ್ಚೆ. ಇವರ ಸ್ಕೀಮಿಗೆ, ಅಂದರೆ ಆಟದ ಯೋಜನೆಗೆ, ನಮ್ಮ ಹುಡುಗರು ಒಗ್ಗುತ್ತಾರಾ?

ಈ ಆಟ ನೋಡದವರಿಗೆ ಎರಡು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅದರಲ್ಲಿ 10 ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಚೆಂಡನ್ನು ಹಿಡಿದು ಓಡಬಹುದು, ಇಲ್ಲವೇ ಎಸೆಯಬಹುದು. ಕೋಚ್ ಹೇಳಿದ ಆಟವನ್ನು ಅಂಗಳದಲ್ಲಿ ನಡೆಸುವವನು, ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ರೇವನ್ಸ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್.

ಈಗ ಕಥೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಾಂಕೆನ್‌ಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಗ್ರೆಗ್ ರೋಮನ್. ಅವರನ್ನು ಸುಮ್ನೆ ಬೈಯುವವರು ಜಾಸ್ತಿ. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. 2019ರಲ್ಲಿ ಜಾಕ್ಸನ್ ಇನ್ನೂ 22ರ ಹುಡುಗ. ಅವರಷ್ಟು ವೇಗವಾಗಿ ಓಡುವ ಕ್ವಾರ್ಟರ್‌ಬ್ಯಾಕ್ ಲೀಗಿನಲ್ಲೇ ಇರಲಿಲ್ಲ. ರೋಮನ್ ಇಡೀ ಆಟವನ್ನು ಆ ಕಾಲುಗಳ ಸುತ್ತ ಕಟ್ಟಿದರು. ಇಬ್ಬರು ಮೂವರು ಟೈಟ್ ಎಂಡ್‌ಗಳು, ಅಂದರೆ ನೂಕುವುದಕ್ಕೂ ಚೆಂಡು ಹಿಡಿಯುವುದಕ್ಕೂ ಬರುವವರು, ಹಿಂದೆ ಒಬ್ಬ ಫುಲ್‌ಬ್ಯಾಕ್, ಎಲ್ಲರೂ ದಷ್ಟಪುಷ್ಟ. ಎದುರಾಳಿಯನ್ನು ನೂಕಿ ದಾರಿ ಮಾಡುವುದೇ ಮುಖ್ಯ ಕೆಲಸ. ಆ ವರ್ಷ ರೇವನ್ಸ್ 3,296 ಯಾರ್ಡ್ ಓಡಿತು. 1978ರಿಂದ ನಿಂತಿದ್ದ ದಾಖಲೆ ಮುರಿಯಿತು. ಜಾಕ್ಸನ್ ಒಬ್ಬರೇ 1,206 ಯಾರ್ಡ್ ಓಡಿದರು, ಒಂದೂ ಮತ ತಪ್ಪದೆ ಎಂವಿಪಿ, ಅಂದರೆ ಲೀಗಿನ ಆ ವರ್ಷದ ಶ್ರೇಷ್ಠ ಆಟಗಾರ, ಆದರು. ಇರುವ ಆಟಗಾರನಿಗೆ ತಕ್ಕ ಸ್ಕೀಮು ಅಂದರೆ ಇದೇ ಅಲ್ವಾ?

ತೊಂದರೆ ಶುರುವಾಗಿದ್ದು ಆಮೇಲೆ. ಪ್ಲೇಆಫ್‌ನಲ್ಲಿ ಟೆನೆಸ್ಸಿ ತಂಡ 28-12ರಿಂದ ಸೋಲಿಸಿತು. ಹಿಂದೆ ಬಿದ್ದಾಗ ಬೇಗ ಬೇಗ ಎಸೆದು ಅಂಕ ಗಳಿಸಬೇಕು. ಆ ಕೆಲಸಕ್ಕೆ ಈ ಸ್ಕೀಮು ಸಿದ್ಧವಾಗಿರಲಿಲ್ಲ. ಬದಿಯಲ್ಲಿ ಓಡಿ ಚೆಂಡು ಹಿಡಿಯುವ ವೈಡ್ ರಿಸೀವರ್‌ಗಳಿಗೆ ಇಲ್ಲಿ ಕೆಲಸವೇ ಕಡಿಮೆ. ಕಾಲೇಜಿನ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿಗೇ ಆರಿಸಿದ್ದ ರಿಸೀವರ್ ಮಾರ್ಕೀಸ್ ಬ್ರೌನ್ ತಾವೇ ಕೇಳಿಕೊಂಡು 2022ರಲ್ಲಿ ಅರಿಜೋನಾಗೆ ಹೋದರು. ಜಾಕ್ಸನ್‌ಗೆ 2021ರಲ್ಲೂ 2022ರಲ್ಲೂ ಡಿಸೆಂಬರ್ ತಿಂಗಳಲ್ಲೇ ಗಾಯ, ಎರಡೂ ಸಲ ಸೀಸನ್ ಮುಗಿದೇ ಹೋಯಿತು. ಜಾಸ್ತಿ ಓಡಿಸಿದ್ದಕ್ಕೇ ಹೀಗಾಯಿತು ಅಂತ ಎಲ್ಲರೂ ಅಂದರು. ನಿಜ ಹೇಳಬೇಕಂದರೆ, ಎರಡು ಸಲವೂ ಅವರಿಗೆ ಪೆಟ್ಟು ಬಿದ್ದದ್ದು ಚೆಂಡು ಎಸೆಯುವ ಪ್ರಯತ್ನದಲ್ಲಿದ್ದಾಗ.

ಹೀಗೆ ರೋಮನ್ ಹೋದರು, ಮಾಂಕೆನ್ ಬಂದರು.

ಮಾಂಕೆನ್ ಯಾರು? ಇಲ್ಲೇ ಜನ ಎಡವಿದ್ದು. ಅವರ ಹೆಸರು ಕೇಳಿದ ತಕ್ಷಣ ಎಲ್ಲರಿಗೂ ನೆನಪಾದದ್ದು ಟ್ಯಾಂಪಾ ಬೇ. ಅಲ್ಲಿ ಅವರು ಕೋಆರ್ಡಿನೇಟರ್ ಆಗಿದ್ದ 2018ರಲ್ಲಿ ಆ ತಂಡ ಎಸೆತದಲ್ಲಿ ಲೀಗಿಗೇ ಮೊದಲು. ಉದ್ದುದ್ದ ಎಸೆತ, ಅಂಗಳದ ಕೊನೆವರೆಗೂ ಓಡುವ ರಿಸೀವರ್‌ಗಳು. ಸರಿ, ಇನ್ನು ಬಾಲ್ಟಿಮೋರ್‌ನಲ್ಲೂ ಇದೇ ಆಟ, ಓಟ ಮುಗಿಯಿತು ಅಂತ ಲೆಕ್ಕ ಹಾಕಿದರು. ಆದರೆ ಅವರು ನೇರ ಬಂದದ್ದು ಜಾರ್ಜಿಯಾ ವಿಶ್ವವಿದ್ಯಾಲಯದಿಂದ. ಅಲ್ಲಿ ಎರಡು ವರ್ಷ ಸತತ ರಾಷ್ಟ್ರೀಯ ಪ್ರಶಸ್ತಿ. ಎರಡನೇ ಫೈನಲ್‌ನಲ್ಲಿ ಟಿಸಿಯು ತಂಡದ ಮೇಲೆ 65-7. ಜಾರ್ಜಿಯಾದಲ್ಲಿ ಅವರ ಹತ್ತಿರ ಒಳ್ಳೇ ಟೈಟ್ ಎಂಡ್‌ಗಳಿದ್ದರು. ಬ್ರಾಕ್ ಬವರ್ಸ್, ಡಾರ್ನೆಲ್ ವಾಷಿಂಗ್ಟನ್. ಹಾಗಾಗಿ ಅವರು ಟೈಟ್ ಎಂಡ್‌ಗಳ ಸುತ್ತ ಆಟ ಕಟ್ಟಿದರು. ಟ್ಯಾಂಪಾದಲ್ಲಿ ಮೈಕ್ ಇವಾನ್ಸ್, ಡಿಶಾನ್ ಜಾಕ್ಸನ್ ಎಂಬ ರಿಸೀವರ್‌ಗಳಿದ್ದರು, ಅಲ್ಲಿ ಉದ್ದ ಎಸೆಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಬಾಲ್ಟಿಮೋರ್‌ನಲ್ಲಿ ಏನಾಗಬಹುದು ಅಂತ ಊಹಿಸಬಹುದಿತ್ತು.

ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಳಕ್ಕೆ ಹೊಸ ಭಾಗವತರು ಬಂದರೆ ಅವರ ಶೈಲಿ ಬೇರೆ ಇರುತ್ತದೆ, ನಿಜ. ಆದರೆ ರಂಗಕ್ಕೆ ಬಂದಿರುವ ವೇಷಧಾರಿ ಕುಣಿತದವನೋ ಮಾತುಗಾರಿಕೆಯವನೋ ಅಂತ ನೋಡದೆ ಪದ್ಯ ಎತ್ತಿದರೆ ರಾತ್ರಿಯಿಡೀ ಕಷ್ಟ.

ಇಷ್ಟಾದರೂ ಮಾಂಕೆನ್ ಬಂದಾಗ ಅವರಿಗೆ ಒಂದು ದೊಡ್ಡ ಪೇಚು. ಕ್ವಾರ್ಟರ್‌ಬ್ಯಾಕ್ ಯಾರು ಎಂಬುದೇ ಖಚಿತವಿರಲಿಲ್ಲ! ಜಾಕ್ಸನ್ ಒಪ್ಪಂದ ಮುಗಿದಿತ್ತು. ಮಾರ್ಚ್‌ನಲ್ಲಿ ಅವರು ಬೇರೆ ತಂಡಕ್ಕೆ ಕಳಿಸಿ ಅಂತ ಕೇಳಿಯೂ ಬಿಟ್ಟಿದ್ದರು. ಏಪ್ರಿಲ್ 27ಕ್ಕೆ ಅದು ಬಗೆಹರಿಯಿತು. 5 ವರ್ಷಕ್ಕೆ 260 ಮಿಲಿಯನ್ ಡಾಲರ್. ಅದೇ ದಿನ ರಾತ್ರಿ ಡ್ರಾಫ್ಟ್‌ನಲ್ಲಿ ಜೇ ಫ್ಲವರ್ಸ್ ಎಂಬ ಚುರುಕು ರಿಸೀವರ್‌ನನ್ನೂ ಆರಿಸಿದರು. ಇನ್ನೊಬ್ಬ ರಿಸೀವರ್ ಓಡೆಲ್ ಬೆಕಮ್ ಆಗಲೇ ಬಂದಾಗಿತ್ತು. ಅಂದರೆ, ಇರುವವರಿಗೆ ಒಗ್ಗುವ ಆಟ ಅಂತ ನಾವು ಹೇಳುತ್ತೇವೆ. ಆದರೆ ತಂಡ ಸ್ವಲ್ಪ ಸಾಮಾನನ್ನು ಹೊರಗಿನಿಂದಲೂ ತಂದಿತು. ಅದನ್ನು ಮರೆಯಬಾರದು.

ಮಾಂಕೆನ್ ಮಾಡಿದ ದೊಡ್ಡ ಬದಲಾವಣೆ ನನ್ನ ಪ್ರಕಾರ ಎಸೆತವೂ ಅಲ್ಲ, ಓಟವೂ ಅಲ್ಲ. ಸಮಯ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ರೇಡಿಯೋದವರಿಗೆ ಇದು ಇಷ್ಟವಾಗುವ ವಿಷಯ ಕೂಡ. ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ಒಳಗೆ ಒಂದು ಪುಟ್ಟ ರೇಡಿಯೋ ಇರುತ್ತದೆ. ಹೆಲ್ಮೆಟ್ ಹಿಂದೆ ಒಂದು ಹಸಿರು ಚುಕ್ಕೆ, ಅದೇ ಗುರುತು. ಕೋಚ್ ಹೊರಗಿನಿಂದ ಅದರಲ್ಲೇ ಮಾತಾಡುತ್ತಾರೆ. ಒಂದು ಆಟ ಮುಗಿದ ಮೇಲೆ ಮುಂದಿನದು ಶುರುಮಾಡಲು ಸಾಮಾನ್ಯವಾಗಿ 40 ಸೆಕೆಂಡ್ ಇರುತ್ತದೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೋ ತಾನೇ ಬಂದ್. ಆಮೇಲೆ ಕ್ವಾರ್ಟರ್‌ಬ್ಯಾಕ್ ಒಬ್ಬಂಟಿ. ರೋಮನ್ ಕಾಲದಲ್ಲಿ ರೇವನ್ಸ್ ಬಗ್ಗೆ ಇದ್ದ ದೂರು ಏನು ಗೊತ್ತಾ? ಸೂಚನೆ ಬರುವುದೇ ತಡ, ತಂಡ ಸಾಲಾಗಿ ನಿಲ್ಲುವಷ್ಟರಲ್ಲಿ ಗಡಿಯಾರದಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಎದುರಾಳಿ ಹೇಗೆ ನಿಂತಿದ್ದಾನೆ ಅಂತ ನೋಡಲೂ ಪುರಸೊತ್ತಿಲ್ಲ. ನೋಡಿದರೂ ಬದಲಾಯಿಸಲು ಹೊತ್ತಿಲ್ಲ.

ಮಾಂಕೆನ್ ಸೂಚನೆ ಬೇಗ ಕೊಟ್ಟರು. ಆಟಗಾರರು ಬೇಗ ಸಾಲಿಗೆ ಬಂದರು. ಜೊತೆಗೆ, ಇದು ಇನ್ನೂ ಮುಖ್ಯ, ಎದುರಾಳಿಯ ನಿಲುವು ನೋಡಿ ಆಟವನ್ನು ಅಲ್ಲೇ ಬದಲಿಸುವ ಹಕ್ಕನ್ನು ಜಾಕ್ಸನ್‌ಗೆ ಕೊಟ್ಟರು. ತನ್ನನ್ನು ಯಾರು ಕಾಯಬೇಕು ಅಂತ ಲೈನಿನವರಿಗೆ ಹೇಳುವುದೂ ಅವರದೇ ಕೆಲಸವಾಯಿತು. ಜಾಕ್ಸನ್ ಅಂದರೆ ಬರೀ ಕಾಲು ಅಂದುಕೊಂಡಿದ್ದವರಿಗೆ ಇದು ಆಶ್ಚರ್ಯ. ಅವರು ಆಟವನ್ನು ಚೆನ್ನಾಗಿ ಓದುತ್ತಾರೆ. ಓದಲು ಸಮಯ ಸಿಕ್ಕಿರಲಿಲ್ಲ, ಅಷ್ಟೇ.

ಫಲ ನೋಡಿ. 2022ರಲ್ಲಿ ಅವರು ಎಸೆದ 100ರಲ್ಲಿ ಸುಮಾರು 62 ಗುರಿ ಮುಟ್ಟುತ್ತಿದ್ದವು. 2023ರಲ್ಲಿ 67. ಆ ಡಿಸೆಂಬರ್ 31ರಂದು ಮಯಾಮಿ ಎದುರು 21 ಎಸೆತದಲ್ಲಿ 18 ಸರಿಯಾಗಿ ಹೋದವು, ಅದರಲ್ಲಿ 5 ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಗೋಲ್ ಗೆರೆ ದಾಟಿದ್ದು. ತಂಡ 56-19ರಿಂದ ಗೆದ್ದಿತು. ಸೀಸನ್ ಕೊನೆಗೆ 13 ಗೆಲುವು, 4 ಸೋಲು. ಜಾಕ್ಸನ್‌ಗೆ ಎರಡನೇ ಎಂವಿಪಿ, 50 ಮತದಲ್ಲಿ 49. ತಮಾಷೆ ಏನೆಂದರೆ, ಓಟ ಮುಗಿಯಿತು ಅಂದಿದ್ದರಲ್ಲ, ಆ ವರ್ಷವೂ ಓಟದಲ್ಲಿ ರೇವನ್ಸೇ ಲೀಗಿಗೆ ಮೊದಲು!

ಉಳಿದವರ ಕಥೆ ಒಬ್ಬೊಬ್ಬರದು ಒಂದೊಂದು ತರಹ. ಟೈಟ್ ಎಂಡ್ ಮಾರ್ಕ್ ಆಂಡ್ರೂಸ್ ಯಾವ ಸ್ಕೀಮಿಗೂ ಸಲ್ಲುವವರು, ಅವರ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ನವೆಂಬರ್‌ನಲ್ಲಿ ಅವರ ಕಾಲಿಗೆ ಪೆಟ್ಟಾದಾಗ ಐಸೇಯಾ ಲೈಕ್ಲಿ ಆ ಜಾಗ ತುಂಬಿದರು. ರಿಸೀವರ್ ರಶಾಡ್ ಬೇಟ್‌ಮನ್‌ಗೆ ಹೊಸ ಆಟ ವರ ಆಗಬೇಕಿತ್ತು. ಮೊದಲ ವರ್ಷ ಆಗಲಿಲ್ಲ. 367 ಯಾರ್ಡ್, ಒಂದೇ ಟಚ್‌ಡೌನ್. ಎರಡನೇ ವರ್ಷ 756 ಯಾರ್ಡ್, 9 ಟಚ್‌ಡೌನ್. ಹೊಸ ಸ್ಕೀಮು ಬಂದ ಮೂರೇ ತಿಂಗಳಿಗೆ ತೀರ್ಪು ಕೊಡುವವರು ಬೇಟ್‌ಮನ್ ಲೆಕ್ಕವನ್ನು ಒಮ್ಮೆ ನೋಡಬೇಕು.

ನನಗೆ ಎಲ್ಲರಿಗಿಂತ ಇಷ್ಟ ಪ್ಯಾಟ್ರಿಕ್ ರಿಕಾರ್ಡ್. ಫುಲ್‌ಬ್ಯಾಕ್. ತೂಕ ಸುಮಾರು 135 ಕೆ.ಜಿ. ಮೊದಲು ಡಿಫೆನ್ಸ್‌ನಲ್ಲಿ ಆಡುತ್ತಿದ್ದವರು. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನ ಮುಂದೆ ಓಡಿ ಎದುರಿಗೆ ಬಂದವನನ್ನು ಗುದ್ದಿ ಪಕ್ಕಕ್ಕೆ ಸರಿಸುವುದೇ ಅವರ ಕಸುಬು. ಚೆಂಡು ಕೈಗೆ ಬರುವುದೇ ಅಪರೂಪ. ರೋಮನ್ ಹೋದರು ಅಂದರೆ ಮೊದಲು ಮನೆಗೆ ಹೋಗುವವರು ಇವರೇ ಅಂತ ಎಲ್ಲರ ಎಣಿಕೆ. ಹೊಸ ಆಟದಲ್ಲಿ ಮೂವರು ರಿಸೀವರ್ ನಿಂತರೆ ಫುಲ್‌ಬ್ಯಾಕ್‌ಗೆ ಜಾಗ ಎಲ್ಲಿ? ಅವರ ಕೆಲಸ ಸ್ವಲ್ಪ ಕಡಿಮೆಯಾಯಿತು, ನಿಜ. ಆದರೆ ಮಾಂಕೆನ್ ಅವರನ್ನು ಬಿಡಲಿಲ್ಲ. 2024ರಲ್ಲಿ ರಿಕಾರ್ಡ್ ಲೀಗಿನ ಅತ್ಯುತ್ತಮ ಫುಲ್‌ಬ್ಯಾಕ್ ಅಂತ ಆಲ್-ಪ್ರೋ ತಂಡಕ್ಕೆ ಆಯ್ಕೆಯಾದರು.

ಹಾಗಂತ ಮಾಂಕೆನ್ ಎಲ್ಲವನ್ನೂ ಸರಿಯಾಗಿಯೇ ಮಾಡಿದರು ಅಂತ ಅಲ್ಲ. 2024ರ ಜನವರಿ 28. ತಮ್ಮದೇ ಅಂಗಳ, ಎದುರಾಳಿ ಕ್ಯಾನ್ಸಸ್ ಸಿಟಿ, ಗೆದ್ದರೆ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಮಧ್ಯಂತರಕ್ಕೆ 17-7ರಿಂದ ಹಿಂದೆ. ಬರೀ 10 ಅಂಕ. ದ್ವಿತೀಯಾರ್ಧದಲ್ಲಿ ರೇವನ್ಸ್ ಡಿಫೆನ್ಸ್ ಒಂದೇ ಒಂದು ಅಂಕವನ್ನೂ ಕೊಡಲಿಲ್ಲ. ಅಂದರೆ ನಿಧಾನವಾಗಿ ಓಡಿ ಓಡಿ ವಾಪಸ್ ಬರಲು ಬೇಕಾದಷ್ಟು ಸಮಯ ಇತ್ತು. ಇಡೀ ಪಂದ್ಯದಲ್ಲಿ ರನ್ನಿಂಗ್ ಬ್ಯಾಕ್‌ಗಳಿಗೆ ಚೆಂಡು ಸಿಕ್ಕಿದ್ದು ಎಷ್ಟು ಸಲ? 6. ಲೀಗಿನಲ್ಲೇ ಹೆಚ್ಚು ಓಡಿದ ತಂಡ! ಜಾಕ್ಸನ್ ಕೈಯಲ್ಲಿ 37 ಸಲ ಎಸೆಸಿದರು. ಸೋತದ್ದು 17-10ರಿಂದ. ಗೋಲ್ ಗೆರೆ ಹತ್ತಿರ ಫ್ಲವರ್ಸ್ ಚೆಂಡು ಕೈಬಿಟ್ಟರು, ಅದೂ ಒಂದು ಕಾರಣ. ಆದರೂ ಆ ದಿನ ಮಾಂಕೆನ್‌ಗೆ ತಮ್ಮ ಟ್ಯಾಂಪಾ ದಿನಗಳು ಜಾಸ್ತಿ ನೆನಪಾದವೇನೋ ಅಂತ ನನಗೆ ಅನ್ನಿಸಿತ್ತು.

ಆ ಸೋಲಿಗೆ ತಂಡ ಕೊಟ್ಟ ಉತ್ತರ ಡೆರಿಕ್ ಹೆನ್ರಿ. 30 ವರ್ಷದ ರನ್ನಿಂಗ್ ಬ್ಯಾಕ್, ಆಳು ಭಾರಿ. ಹಿಂದೆ ಹೇಳಿದೆನಲ್ಲ, ಟೆನೆಸ್ಸಿ 28-12ರಿಂದ ಸೋಲಿಸಿತು ಅಂತ. ಆ ಪಂದ್ಯದಲ್ಲಿ ರೇವನ್ಸ್ ಮೇಲೆ 195 ಯಾರ್ಡ್ ಓಡಿದವರು ಇದೇ ಹೆನ್ರಿ. 2024ರಲ್ಲಿ ಅವರು ಬಾಲ್ಟಿಮೋರ್ ಜೆರ್ಸಿ ತೊಟ್ಟು 1,921 ಯಾರ್ಡ್ ಓಡಿದರು. ಅವರನ್ನು ತಡೆಯಲು ಎದುರಾಳಿಗಳು ಮುಂದಕ್ಕೆ ಬಂದರು, ಹಿಂದೆ ಜಾಗ ಖಾಲಿಯಾಯಿತು, ಜಾಕ್ಸನ್ ಅಲ್ಲಿಗೆ ಎಸೆದರು. 41 ಟಚ್‌ಡೌನ್ ಪಾಸ್, ಎದುರಾಳಿ ಕೈಗೆ ಸಿಕ್ಕಿದ್ದು ಬರೀ 4. ಒಂದೇ ಸೀಸನ್‌ನಲ್ಲಿ ಎಸೆದು 4,000 ಯಾರ್ಡ್, ಓಡಿ 3,000 ಯಾರ್ಡ್ ದಾಟಿದ ಮೊದಲ ತಂಡ ಈ ಲೀಗಿನ ಇತಿಹಾಸದಲ್ಲಿ ರೇವನ್ಸ್. ರೋಮನ್ ಬಿಟ್ಟುಹೋದ ಓಟವೂ ಅದರಲ್ಲಿತ್ತು, ಮಾಂಕೆನ್ ತಂದ ಎಸೆತವೂ ಇತ್ತು.

ಆ ವರ್ಷವೂ ಕಪ್ ಬರಲಿಲ್ಲ. ಬಫಲೋದಲ್ಲಿ ಪ್ಲೇಆಫ್ ಪಂದ್ಯ, ಕೊನೆಗೆ ಒಂದೂವರೆ ನಿಮಿಷ, 27-25, ರೇವನ್ಸ್ ಹಿಂದೆ. ಎರಡು ಅಂಕ ಬಂದರೆ ಸಮ. ಆಂಡ್ರೂಸ್ ಮುಂದೆ ಯಾರೂ ಇರಲಿಲ್ಲ, ಜಾಕ್ಸನ್ ಎಸೆತವೂ ಕೈಗೇ ಬಂತು. ಜಾರಿಹೋಯಿತು.

ಅಮೆರಿಕದ ಈ ಪಂದ್ಯಗಳು ನಮ್ಮಲ್ಲಿ ಭಾನುವಾರ ರಾತ್ರಿ ಹತ್ತೂವರೆ, ಹನ್ನೊಂದೂವರೆ ಹೊತ್ತಿಗೆ ಶುರುವಾಗುತ್ತವೆ. ಅಲ್ಲಿರುವ ಮಕ್ಕಳು, ಮೊಮ್ಮಕ್ಕಳು ಫೋನಿನಲ್ಲಿ ಇದರ ಬಗ್ಗೆ ಹೇಳುತ್ತಿದ್ದರೆ ನೀವೂ ಒಮ್ಮೆ ಎಚ್ಚರವಿದ್ದು ನೋಡಿ. ನಿಮ್ಮ ತಂಡಕ್ಕೆ ಹೊಸ ಕೋಆರ್ಡಿನೇಟರ್ ಬಂದಿದ್ದರೆ ಚೆಂಡನ್ನು ಸ್ವಲ್ಪ ಹೊತ್ತು ಮರೆತುಬಿಡಿ. ತಂಡ ಸಾಲಿಗೆ ಬಂದು ನಿಂತಾಗ ಗಡಿಯಾರದಲ್ಲಿ ಎಷ್ಟು ಸೆಕೆಂಡ್ ಉಳಿದಿದೆ ನೋಡಿ. ಕ್ವಾರ್ಟರ್‌ಬ್ಯಾಕ್ ಕೈ ತೋರಿಸಿ ಯಾರನ್ನಾದರೂ ಜಾಗ ಬದಲಿಸುತ್ತಾನಾ ನೋಡಿ. ಹಿಂದೆ ರಿಕಾರ್ಡ್ ತರಹದ ಒಬ್ಬ ದಪ್ಪ ಮನುಷ್ಯ ಇನ್ನೂ ನಿಂತಿದ್ದಾನಾ, ಅದನ್ನೂ ನೋಡಿ.

ನಮಸ್ಕಾರ.