ಕಣಜದ ಹಿಂದೆ ಓಡುವ ಜನ: ಜಪಾನ್ ಹಳ್ಳಿಗಳ ಹುಳದ ಅಡುಗೆ

[ದೃಶ್ಯ: ಕಾಡಂಚು. ಹಾರುತ್ತಿರುವ ಕಣಜ, ಅದರ ಹಿಂದೆ ತೇಲುವ ಬಿಳಿ ಎಳೆ]

ಈ ಕಣಜವನ್ನು ಸರಿಯಾಗಿ ನೋಡಿ. ಕಾಲಲ್ಲಿ ಚೂರು ಮಾಂಸ, ಅದಕ್ಕೆ ಅಂಟಿದ ಬಿಳಿ ಎಳೆ. ಈ ತುಂಡನ್ನು ಹಳ್ಳಿಯವರು ಬೇಕಂತಲೇ ಅದರ ಮುಂದಿಟ್ಟಿದ್ದಾರೆ. ಈಗ ಅವರೇ ತಲೆ ಮೇಲೆತ್ತಿಕೊಂಡು, ಹಳ್ಳ, ಪೊದೆ ಏನನ್ನೂ ಲೆಕ್ಕಿಸದೆ ಅದರ ಹಿಂದೆ ಓಡುತ್ತಿದ್ದಾರೆ. ಮಾಂಸ ಸಿಕ್ಕ ಕಣಜ ಗೂಡಿಗೇ ಹೋಗಬೇಕು, ಅಲ್ವಾ?

ಇದು ನಡು ಜಪಾನಿನ ಗುಡ್ಡಗಾಡು, ನಾಗಾನೊ ಮತ್ತು ಗಿಫು ಪ್ರಾಂತ್ಯಗಳು. ಈ ಪುಟ್ಟ ಕಪ್ಪು ಕಣಜಕ್ಕೆ ಗಿಫು ಕಡೆ 'ಹೆಬೊ' ಅನ್ನುತ್ತಾರೆ. ಗೂಡು ನೆಲದೊಳಗೆ ಇರುತ್ತದೆ. ಹೊಗೆ ಹಾಕಿ ಕಣಜಗಳನ್ನು ಮಂಕಾಗಿಸಿ, ಗೂಡನ್ನು ಅಗೆದು ತೆಗೆಯುತ್ತಾರೆ.

ಕೆಲವರು ಬೇಸಿಗೆಯಲ್ಲಿ ಸಿಕ್ಕ ಸಣ್ಣ ಗೂಡನ್ನು ಮನೆಗೆ ತಂದು ಮರದ ಪೆಟ್ಟಿಗೆಯಲ್ಲಿ ಇಟ್ಟು ಸಾಕುತ್ತಾರೆ. ಕೋಳಿ ಲಿವರ್, ಸಕ್ಕರೆ ನೀರು ಕೊಟ್ಟು ಉಪಚಾರ! ಶರತ್ಕಾಲದ ಹೊತ್ತಿಗೆ ಗೂಡು ಪದರ ಪದರವಾಗಿ ಬೆಳೆಯುತ್ತದೆ. ಗಿಫುವಿನ ಕುಶಿಹಾರಾದಲ್ಲಿ ನಡೆದ ಹೆಬೊ ಹಬ್ಬಗಳಲ್ಲಿ ಯಾರ ಗೂಡು ಜಾಸ್ತಿ ತೂಗುತ್ತದೆ ಅಂತ ಪೈಪೋಟಿಯೇ ಇತ್ತು.

[ಹತ್ತಿರದ ದೃಶ್ಯ: ಚಿಮಟ, ಗೂಡಿನ ಕಣ್ಣುಗಳು]

ಆಮೇಲಿನದು ತಾಳ್ಮೆಯ ಕೆಲಸ. ಗೂಡಿನ ಒಂದೊಂದು ಕಣ್ಣಿನಿಂದ ಬಿಳಿ ಮರಿಹುಳವನ್ನು ಒಡೆಯದಂತೆ ಚಿಮಟದಲ್ಲಿ ಎಳೆಯಬೇಕು. ಸೋಯಾ ಸಾಸ್, ಸಕ್ಕರೆ ಹಾಕಿ ಕುದಿಸಿ, ಬಿಸಿ ಅನ್ನಕ್ಕೆ ಕಲಸಿದರೆ ಹೆಬೊ ಅನ್ನ ರೆಡಿ.

ಬಡತನಕ್ಕೆ ತಿಂದರು ಅಂತ ಸುಮ್ನೆ ಹೇಳಿಬಿಡುವುದು ಸುಲಭ. ನಾಗಾನೊಗೆ ಕಡಲಿಲ್ಲ, ಹಿಂದೆ ಮೀನು ಸಿಗುವುದು ಕಷ್ಟವಿತ್ತು, ನಿಜ. ಆದರೆ ಇವತ್ತು ಕಣಜದ ಮರಿಹುಳ ಅಲ್ಲಿ ದುಬಾರಿ ತಿನಿಸು. ಹೊಟ್ಟೆಗಿಲ್ಲದೆ ಯಾರೂ ಹೀಗೆ ಓಡುವುದಿಲ್ಲ. ಓಟದ ಮಜಾ ಒಂದು ಕಡೆ, ರುಚಿ ಇನ್ನೊಂದು ಕಡೆ.

ಮಿಡತೆ ಇದಕ್ಕಿಂತ ಸರಳ. ಗದ್ದೆಯಲ್ಲಿ ಹಿಡಿದು, ಹೊಟ್ಟೆ ಖಾಲಿಯಾಗಲಿ ಅಂತ ರಾತ್ರಿಯಿಡೀ ಬಟ್ಟೆ ಚೀಲದಲ್ಲಿ ಬಿಡುತ್ತಾರೆ. ಮರುದಿನ ಬೇಯಿಸಿ, ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಮಿರಮಿರ ಹೊಳೆಯುವಷ್ಟು ಬತ್ತಿಸುತ್ತಾರೆ. ಎರಡನೇ ಮಹಾಯುದ್ಧದ ನಂತರ ಗದ್ದೆಗೆ ಕೀಟನಾಶಕ ಬಂತು, ಮಿಡತೆ ಕಡಿಮೆಯಾಯಿತು. ನಾಗಾನೊದ ಇನಾ ಕಣಿವೆಯವರು ಚಳಿಗಾಲದಲ್ಲಿ ತೆನ್ರ್ಯೂ ನದಿಯ ಕಲ್ಲು ಕೆದಕಿ 'ಜಾಜಾಮುಶಿ' ಎಂಬ ನೀರುಹುಳ ಹಿಡಿಯುತ್ತಾರೆ. ಅದಕ್ಕೆ ಪರವಾನಗಿ ಬೇಕು! ಇನ್ನು ರೇಷ್ಮೆ ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಹುಳ, ಅದನ್ನೂ ತಿನ್ನುತ್ತಾರೆ. ರಾಮನಗರದವರಿಗೆ ಇದನ್ನು ತೋರಿಸಬೇಕಿಲ್ಲ, ತಿನ್ನುವುದೊಂದು ಬಾಕಿ.

1919ರಲ್ಲಿ ಕೀಟ ವಿಜ್ಞಾನಿ ಮಿಯಾಕೆ ಪ್ರಕಟಿಸಿದ ಸಮೀಕ್ಷೆಯಲ್ಲಿ ಜಪಾನಿನಲ್ಲಿ ತಿನ್ನುವ 55 ಬಗೆಯ ಕೀಟಗಳಿದ್ದವು.

ಆ ಕಡೆ ಹೋದರೆ ಮಿಡತೆಯಿಂದ ಶುರು ಮಾಡಿ, ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ. ಸಿಗಡಿ ಅಲರ್ಜಿ ಇದ್ದವರು ಮಾತ್ರ ಮುಟ್ಟಬೇಡಿ, ಮಿಡತೆಯೂ ಅದೇ ಅಲರ್ಜಿ ಎಬ್ಬಿಸಬಹುದು.