ನಾಲ್ಕನೇ ನಿಪ್ಪಲ್ ಎಲ್ಲುಂಟು?

ನಮಸ್ಕಾರ ಕೇಳುಗರೆ. ನಾನು ಮುಂಬಯಿಯಲ್ಲಿ ಪಿಕಪ್ ಓಡಿಸುವವನು, ಊರು ಕುಂದಾಪುರದ ಕಡೆ. ಬೆಳಗಿನ ಜಾವ ಸಸೂನ್ ಡಾಕ್‌ನಲ್ಲಿ ಮೀನು ತುಂಬಿಸಿಕೊಂಡು ಠಾಣೆ, ಡೊಂಬಿವಲಿಯ ಹೋಟೆಲುಗಳಿಗೆ ಹಾಕಿ ಬರುವುದು ನನ್ನ ಕೆಲಸ. 1875ರಲ್ಲಿ ಕಟ್ಟಿದ ಡಾಕ್ ಅದು. ಅಲ್ಲಿಯ ನೆಲ ಒಣಗಿದ್ದನ್ನು ನಾನಂತೂ ನೋಡಿಲ್ಲ. ಐಸ್ ಕರಗಿದ ನೀರು, ಮೀನಿನ ನೀರು, ಉಪ್ಪು ಎಲ್ಲ ಸೇರಿ ಗಾಡಿಯ ಬಾಡಿಯ ಸಂದಿಯಿಂದ ತೊಟತೊಟ ಇಳಿಯುತ್ತದಲ್ಲ, ಅದು ಬೀಳುವುದು ಸೀದಾ ಕೆಳಗಿನ ಪ್ರೊಪೆಲ್ಲರ್ ಶಾಫ್ಟ್ ಮೇಲೆ. ಇವತ್ತು ಆ ಶಾಫ್ಟಿಗೆ ಗ್ರೀಸ್ ಹೊಡೆಯುವ ಮಾತು.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ತಿರುಗುವ ಉದ್ದದ ಪೈಪ್ ಇದೆಯಲ್ಲ, ಅದೇ ಶಾಫ್ಟ್. ಗಾಡಿ ಹೊಂಡಕ್ಕೆ ಬಿದ್ದು ಎದ್ದಾಗ ಆಕ್ಸಲ್ ಮೇಲೆ ಕೆಳಗೆ ಆಗುತ್ತದೆ, ಶಾಫ್ಟ್ ಬಾಗಿಕೊಂಡೇ ತಿರುಗಬೇಕು. ಅದಕ್ಕೆ ನಡುನಡುವೆ ಕ್ರಾಸ್ ಹಾಕಿರುತ್ತಾರೆ. ನೋಡಲು ಕೂಡಿಸುವ ಚಿಹ್ನೆಯ ಹಾಗೆ. ನಾಲ್ಕು ತುದಿಗೆ ನಾಲ್ಕು ಕಪ್, ಪ್ರತಿ ಕಪ್ಪಿನ ಒಳಗೂ ಸೂಜಿಯಂಥ ಸಣ್ಣ ರೋಲರ್‌ಗಳು. ಆ ಸೂಜಿಗಳು ಬದುಕುವುದು ಗ್ರೀಸಿನಲ್ಲಿ. ನೀರು ಹೊಕ್ಕಿತೋ, ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ತುಕ್ಕು.

ನನ್ನ ಗಾಡಿಯ ಶಾಫ್ಟ್ ಎರಡು ತುಂಡಿನದು. ಮೂರು ಕ್ರಾಸ್, ಒಂದು ಸ್ಲಿಪ್, ಅಂದರೆ ಶಾಫ್ಟ್ ಉದ್ದ ಗಿಡ್ಡ ಆಗಲು ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ. ಒಂದೊಂದಕ್ಕೂ ಗ್ರೀಸ್ ಒಳಗೆ ಕಳಿಸಲು ಒಂದು ಸಣ್ಣ ಮೊಳೆಯಂಥ ಬಾಯಿ, ಅದೇ ನಿಪ್ಪಲ್; ಒಟ್ಟು ನಾಲ್ಕು ನಿಪ್ಪಲ್. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಮುಂದಿನ ಕ್ರಾಸ್ ಬದಲಾಯಿಸಿದೆ. ಅಲ್ಲಿಂದ ಪ್ರತಿ ಸಲ ಗ್ರೀಸಿಂಗಿಗೆ ದುಡ್ಡು ಕೊಟ್ಟು ನೆಮ್ಮದಿಯಾಗಿ ಬರುತ್ತಿದ್ದೆ. ಆರು ತಿಂಗಳಿಗೆ ಶುರುವಾಯಿತು: ನಿಧಾನಕ್ಕೆ ಹೋಗುವಾಗ ಚೀಂವ್ ಚೀಂವ್, ವೇಗ ಹೆಚ್ಚಿದರೆ ಚೀಂವ್ ಕೂಡ ಬೇಗಬೇಗ. ರಿವರ್ಸಿನಿಂದ ಫಸ್ಟ್ ಗೇರಿಗೆ ಹಾಕಿದರೆ ಕೆಳಗೆ ಟಣ್. ಹಕ್ಕಿ ಅಂದುಕೊಂಡು ಸುಮ್ಮನಿರಲು ಅದೇನು ಊರಿನ ತೋಟವೇ? ಕೆಳಗೆ ಹೊಕ್ಕೆವು. ನಮ್ಮ ಹುಡುಗ ಬ್ಯಾಟರಿ ಹಿಡಿದು ಎಣಿಸಿದ. ಒಂದು, ಎರಡು, ಮೂರು. "ಅಣ್ಣ, ನಾಲ್ಕನೇದು ಎಲ್ಲುಂಟು?"

ಇತ್ತು. ಕ್ರಾಸನ್ನು ಕೂರಿಸುವಾಗ ನಿಪ್ಪಲ್ ಗೇರ್‌ಬಾಕ್ಸಿನ ಕಡೆಗೆ ಬರುವ ಹಾಗೆ ತಿರುವಿ ಕೂರಿಸಿದ್ದರು. ಮೇಲೆ ಅಡ್ಡಪಟ್ಟಿ, ಪಕ್ಕದಲ್ಲಿ ಯೋಕ್ (ಕ್ರಾಸನ್ನು ಹಿಡಿದಿರುವ ಕವೆ), ನಡುವೆ ಬೆರಳು ಹೋಗುವಷ್ಟೇ ಜಾಗ. ಗ್ರೀಸ್ ಹೊಡೆಯುವ ಗನ್ನಿನ ಮೂತಿ ಅಲ್ಲಿಗೆ ಹೋಗುವುದೇ ಇಲ್ಲ. ಆರು ತಿಂಗಳಿಂದ ಅಲ್ಲಿಗೆ ಯಾರೂ ಗ್ರೀಸ್ ಹೊಡೆದಿರಲಿಲ್ಲ, ಬಿಲ್ಲಿನಲ್ಲಿ ಮಾತ್ರ ಹೊಡೆದಿದ್ದರು. ಕಪ್ಪಿನ ಬಾಯಲ್ಲಿ ಕುಂಕುಮದಂಥ ಕೆಂಪು ಪುಡಿ. ಆ ಪುಡಿ ಕಂಡರೆ ಇನ್ನು ಗ್ರೀಸ್ ಹೊಡೆದು ಪ್ರಯೋಜನವಿಲ್ಲ, ಒಳಗೆ ಸೂಜಿಗಳು ಒಣಗಿ ಸವೆದಿರುತ್ತವೆ. ಹೊಸ ಕ್ರಾಸ್ ತಂದೆವು. ಈ ಸಲ ನಾನೇ ಪಕ್ಕದಲ್ಲಿ ಕೂತೆ: ನಿಪ್ಪಲ್ ಶಾಫ್ಟಿನ ಕಡೆಗೆ ಬರಲಿ, ಸ್ಲಿಪ್ಪಿನ ನಿಪ್ಪಲ್ ಯಾವ ಬದಿಗಿದೆಯೋ ಅದೇ ಬದಿಗೆ ಇರಲಿ ಅಂತ. ಶಾಫ್ಟ್ ಒಂದು ಸಲ ನಿಂತರೆ ಎಲ್ಲದಕ್ಕೂ ಕೈ ಎಟುಕಬೇಕು. ಹಾಂ, ಸ್ಲಿಪ್ ಬಿಚ್ಚುವ ಮೊದಲು ಎರಡೂ ತುಂಡಿಗೆ ಚಾಣದಿಂದ ಗುರುತು ಹೊಡೆಸಿ. ಹಲ್ಲು ತಪ್ಪಿ ಕೂತರೆ ಗಾಡಿ ಗಡಗಡ ಅನ್ನುತ್ತದೆ, ಆಮೇಲೆ ನೀವು ಟಯರ್ ಬ್ಯಾಲೆನ್ಸಿಂಗ್ ಮಾಡಿಸಿಕೊಂಡು ತಿರುಗುತ್ತೀರಿ.

ಈಗ ಕೈಗೆ ಸಿಗದ ನಿಪ್ಪಲ್‌ಗೆ ಬರೋಣ. ಮಲಗಿ ಒದ್ದಾಡುವವರೇ ಜಾಸ್ತಿ, ಎದ್ದು ಬಂದು ಗಾಡಿಯನ್ನು ಒಂದಡಿ ಮುಂದೆ ತಳ್ಳುವವರು ಕಡಿಮೆ. ಗಾಡಿ ಸರಿದರೆ ಶಾಫ್ಟ್ ತಿರುಗುತ್ತದೆ, ನಿಪ್ಪಲ್ ತಾನಾಗಿ ಕೆಳಗೆ ಬರುತ್ತದೆ, ಅಷ್ಟೇ. ಸಮತಟ್ಟಾದ ಜಾಗ ಬೇಕು. ತಳ್ಳಿ ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರದ ಹಿಂದೆ ಮುಂದೆ ಕಲ್ಲು ಕೊಟ್ಟು, ಚಾವಿ ಜೇಬಿಗೆ ಹಾಕಿಕೊಂಡೇ ಒಳಗೆ ಹೋಗಿ. ಇನ್ನೊಂದು ಸಲ ತಿರುಗಿಸಬೇಕೇ? ಪೂರ್ತಿ ಹೊರಗೆ ಬನ್ನಿ, ಆಮೇಲೆ ಕಲ್ಲು ತೆಗೆಯಿರಿ. ಬರೀ ಜಾಕ್ ನಂಬಿ ಮಲಗಬೇಡಿ. ಸೈಲೆನ್ಸರ್ ಪೈಪ್ ಅಲ್ಲೇ ಪಕ್ಕದಲ್ಲಿರುತ್ತದೆ, ನನ್ನ ಮೊಣಕೈಯಲ್ಲಿ ಇನ್ನೂ ಗುರುತು ಇದೆ.

ತಿರುಗಿಸಿದರೂ ಗನ್ ಹೋಗದಿದ್ದರೆ ಎರಡು ಸಾಮಾನು ಇಟ್ಟುಕೊಳ್ಳಿ. ಒಂದು, ರಬ್ಬರ್ ಹೋಸ್. ಇನ್ನೊಂದು, ಹೋಸಿನ ತುದಿಗೆ ಹಾಕುವ ಸೂಜಿಮೂತಿ. ತೀರಾ ಇಕ್ಕಟ್ಟಾದ ಕಡೆ ಅದರ ಚೂಪು ತುದಿಯನ್ನು ನಿಪ್ಪಲಿನ ತೂತಿಗೆ ನೇರವಾಗಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗನ್ ಒತ್ತಬೇಕು. ಮೊದಲು ಬನಿಯನ್ ವೇಸ್ಟಿನಿಂದ ನಿಪ್ಪಲಿನ ತಲೆ ಒರೆಸಿ. ಇಲ್ಲದಿದ್ದರೆ ಗ್ರೀಸಿನ ಜೊತೆ ಮರಳನ್ನೂ ಒಳಗೆ ಕಳಿಸಿದ ಹಾಗೆ. ಗ್ರೀಸ್ ಒಳಗೆ ಹೋಗದೆ ಪಕ್ಕದಿಂದ ಬಂದರೆ, ನಿಪ್ಪಲಿನ ಬಾಯಲ್ಲಿ ಸಣ್ಣ ಗುಂಡು ಇದೆ ನೋಡಿ, ಅದು ಹಿಡಿದುಕೊಂಡಿರಬಹುದು. ಪಿನ್ನಿನಿಂದ ಒತ್ತಿ ಬಿಡಿಸಿ. ಆಗದಿದ್ದರೆ ನಿಪ್ಪಲ್ಲೇ ಬದಲಾಯಿಸಿ, ಅದೇನು ದೊಡ್ಡ ಖರ್ಚಲ್ಲ.

ಎಷ್ಟು ಹೊಡೆಯಬೇಕು? ಇಷ್ಟು ಪಂಪ್ ಅಂತ ಲೆಕ್ಕ ಹೇಳಲು ಬರುವುದಿಲ್ಲ. ನಾಲ್ಕೂ ಕಪ್ಪಿನ ಸೀಲಿನಿಂದ ಹಳೆ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಸಾಕು ಅಂತ ಎದ್ದು ಬರಬೇಡಿ. ರಾಡ್ ಕೊಟ್ಟು ಶಾಫ್ಟನ್ನು ಅತ್ತಿತ್ತ ಅಲ್ಲಾಡಿಸುತ್ತಾ ಮೆಲ್ಲಗೆ ಹೊಡೆಯಿರಿ, ಹೆಚ್ಚಿನ ಸಲ ಬರುತ್ತದೆ. ಗಾಳಿ ಗನ್ನಿನಲ್ಲಿ ಒಂದೇ ಸಲ ರಭಸವಾಗಿ ಹೊಡೆದರೆ ಸೀಲ್ ಕಿತ್ತು ಬರಬಹುದು, ನನಗೆ ಕೈಗನ್ನೇ ಇಷ್ಟ. ಸ್ಲಿಪ್ಪಿಗೆ ಅದರ ಸೀಲಿನ ಬಾಯಲ್ಲಿ ಗ್ರೀಸ್ ಕಂಡ ಕೂಡಲೇ ನಿಲ್ಲಿಸಿ.

ಗ್ರೀಸನ್ನು ಬಣ್ಣ ನೋಡಿ ಕೊಳ್ಳಬೇಡಿ, ಕೆಂಪು, ನೀಲಿ ಎಲ್ಲ ಕಂಪನಿಯವರು ಹಾಕುವ ಬಣ್ಣ. ಡಬ್ಬದ ಮೇಲೆ ಲಿಥಿಯಂ, ಇ.ಪಿ. 2 ಅಂತ ಇದೆಯಾ ನೋಡಿ, ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಬರೆದಿದ್ದರೆ ಅದನ್ನೇ ಹಾಕಿ. ನಾನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊಡೆಯುತ್ತೇನೆ. ಸಾಯನ್‌ನಲ್ಲೋ ಕಿಂಗ್ಸ್ ಸರ್ಕಲ್‌ನಲ್ಲೋ ನೀರಲ್ಲಿ ಹಾದು ಬಂದ ದಿನವಾದರೆ ದಿನ ಲೆಕ್ಕ ಹಾಕುವುದಿಲ್ಲ, ಮಾರನೇ ದಿನವೇ. ಕೆಲವು ಗಾಡಿಗಳ ಕ್ರಾಸಿಗೆ ನಿಪ್ಪಲ್ಲೇ ಇರುವುದಿಲ್ಲ, ಅಂಥವರು ಅಲುಗಾಟ ನೋಡಿಕೊಂಡರೆ ಆಯಿತು.

ಕೊನೆಗೆ ಒಂದು ಸ್ವಂತದ ಮಾತು. ನನ್ನ ಸೂಜಿಮೂತಿಯನ್ನು ಕಳೆದ ತಿಂಗಳು ಡಾಕ್‌ನಲ್ಲಿ ನಮ್ಮವರೇ ಒಬ್ಬರು "ಹತ್ತು ನಿಮಿಷಕ್ಕೆ ಕೊಡಿ" ಅಂತ ಇಸಿದುಕೊಂಡು ಹೋಗಿದ್ದಾರೆ. ಅವರು ಈಗ ರೇಡಿಯೊ ಕೇಳುತ್ತಿದ್ದರೆ, ನಾಳೆ ಐದು ಗಂಟೆಗೆ ನಾನು ಗೇಟಿನ ಹತ್ತಿರವೇ ಇರುತ್ತೇನೆ.